ಲಾಡ್ಜ್ ಬಿಟ್ಟು ಲಾಂಜ್ ಹಿಡಿದೆ: ಇಳಕಲ್‌ನಿಂದ ಬೆಳಗಿನ ಆರರ ವಿಮಾನಕ್ಕೆ

ಬೆಂಗಳೂರಿನಲ್ಲಿ ರೂಮ್ ಮಾಡದೆ ಬೆಳಗಿನ ವಿಮಾನ ಹಿಡಿಯೋದು ಆಗದ ಮಾತು ಅಂತ ನಮ್ಮ ಅಂಗಡಿ ಸಾಲಿನವರೆಲ್ಲ ಹೇಳಿದ್ದರು. ವಿಮಾನ ನಿಲ್ದಾಣದೊಳಗೆ ಕೂತು, ತಿಂದು ದಣಿವಾರಿಸಿಕೊಳ್ಳುವ ಕೋಣೆಗೆ ಲಾಂಜ್ ಅಂತಾರೆ. ನಾನು ಅಲ್ಲಿಗೇ ಹೋಗ್ತೀನಿ ಅಂದಾಗ ಕಾಕಾ ಅಂತೂ, "ಲಾಂಜ್ ಅಂದ್ರ ದೊಡ್ಡ ಮಂದೀಗೆ. ನಿನ್ನ ಬಾಗಲದಾಗ ನಿಂದರಸ್ತಾರ. ಸುಮ್ನ ರೂಮ್ ಮಾಡು" ಅಂದಿದ್ದರು. ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೇ ಸಲದಿಂದ ಇವತ್ತಿನವರೆಗೆ ಒಮ್ಮೆಯೂ ತಪ್ಪಿಲ್ಲ.

ನನ್ನದು ಸೀರೆ ವ್ಯಾಪಾರ. ವರ್ಷಕ್ಕೆ ನಾಲ್ಕೈದು ಸಲ ದಿಲ್ಲಿಗೆ ಹೋಗುತ್ತೇನೆ. ಅಲ್ಲಿ ಮಧ್ಯಾಹ್ನದೊಳಗೆ ಗಿರಾಕಿ ಮುಂದೆ ಗಂಟು ಬಿಚ್ಚಬೇಕಾದರೆ ಬೆಂಗಳೂರಿನ ಆರರ ವಿಮಾನವೇ ಬೇಕು. ಮೊದಲೆಲ್ಲ ಮೆಜೆಸ್ಟಿಕ್ ಹತ್ತಿರ ಲಾಡ್ಜ್ ಮಾಡುತ್ತಿದ್ದೆ. ಅದಕ್ಕೆ ಸುಮಾರು ಸಾವಿರ, ರಾತ್ರಿ ಎರಡೂವರೆಗೆ ಟ್ಯಾಕ್ಸಿಗೆ ಇನ್ನೊಂದು ಸಾವಿರದ ಇನ್ನೂರು, ಒಳಗೆ ಚಹಾ ನಾಷ್ಟಾಕ್ಕೆ ಮುನ್ನೂರೈವತ್ತು. ಇಷ್ಟು ಕೊಟ್ಟು ಮಲಗುತ್ತಿದ್ದದ್ದು ಎರಡೂವರೆ ತಾಸು. ಒಂದು ಸೀರೆಯ ಲಾಭ ಪೂರ್ತಿ ಅಲ್ಲೇ ಹೋಗುತ್ತಿತ್ತು, ಅಲ್ವಾ?

ನನ್ನ ಉಳಿತಾಯ ಖಾತೆಗೆ ಬಂದಿದ್ದ ರುಪೇ ಪ್ಲಾಟಿನಂ ಡೆಬಿಟ್ ಕಾರ್ಡ್ ಕಪಾಟಿನಲ್ಲಿ ಸುಮ್ನೆ ಬಿದ್ದಿತ್ತು. ಮೂರು ತಿಂಗಳಿಗೆ ಒಂದು ಸಲ ದೇಶದೊಳಗಿನ ಲಾಂಜ್‌ಗೆ ಹೋಗಬಹುದು, ಉಜ್ಜಿದಾಗ ಕಡಿತ ಆಗೋದು 2 ರೂಪಾಯಿ. ಇದು ಗೊತ್ತಾದ ಮೇಲೆ ನಿದ್ದೆ ಬರಲಿಲ್ಲ.

ಮೊದಲ ಸಲ ಕಾರ್ಡ್ ಉಜ್ಜಿದರೆ ಆಗಲೇ ಇಲ್ಲ. ಕಳ್ಳರ ಭಯಕ್ಕೆ ಬ್ಯಾಂಕಿನ ಆ್ಯಪ್‌ನಲ್ಲಿ ಸ್ವೈಪ್ ಬಂದ್ ಮಾಡಿದ್ದವನು ನಾನೇ. ಬೆಳಗಿನ ಜಾವ, ಹಿಂದೆ ಸಾಲು, ಒಟಿಪಿ ಬರುತ್ತಿಲ್ಲ. ಹೊರಗೆ ಹೋಗಿ 200 ರೂಪಾಯಿ ಮೇಲೆ ಕೊಟ್ಟು ಚಹಾ ಕುಡಿದೆ.

ಎರಡನೇ ಸಲ ಉತ್ಸಾಹ ಜಾಸ್ತಿ ಇತ್ತು. ರಾತ್ರಿ ಒಂದಕ್ಕೇ ಬಾಗಿಲಲ್ಲಿ ನಿಂತೆ. ವಿಮಾನಕ್ಕೆ ಮೂರು ತಾಸು ಇರುವಾಗ ಬನ್ನಿ ಅಂದರು. ಪಾಪ, ಹುಡುಗಿ ನಗುನಗುತ್ತಲೇ ಹೇಳಿದಳು. ಆದರೆ ಎರಡು ತಾಸು ಕಬ್ಬಿಣದ ಕುರ್ಚಿ ಮೇಲೆ ಬೆನ್ನು ಮುರಿಯಿತು.

ಮೂರನೇ ಸಲದ್ದು ನನಗೆ ಬಹಳ ಹೊಟ್ಟೆ ಉರಿಸಿದ್ದು. ಫೆಬ್ರವರಿಯಲ್ಲಿ ದಿಲ್ಲಿಯಿಂದ ಬರುವಾಗ ಬರೀ ಒಂದು ಕಪ್ ಚಹಾಕ್ಕೆ ಅಂತ ಕಾರ್ಡ್ ಉಜ್ಜಿಬಿಟ್ಟೆ. ಮಾರ್ಚ್‌ನಲ್ಲಿ ಮತ್ತೆ ಹೊರಟಾಗ, ಈ ಮೂರು ತಿಂಗಳ ಪಾಲು ಮುಗಿದಿದೆ ಅಂದರು. ಜನವರಿಯಿಂದ ಮಾರ್ಚ್ ಒಂದು ಲೆಕ್ಕ, ಏಪ್ರಿಲ್‌ನಿಂದ ಜೂನ್ ಇನ್ನೊಂದು. ಈಗ ನನ್ನ ದಿಲ್ಲಿ ತಾರೀಕುಗಳನ್ನೇ ಆ ಲೆಕ್ಕಕ್ಕೆ ಕೂಡಿಸುತ್ತೇನೆ. ಮಾರ್ಚ್ ಕೊನೆಗೊಂದು, ಏಪ್ರಿಲ್ ಮೊದಲ ವಾರಕ್ಕೊಂದು ಬಂದರೆ ಎರಡೂ ನಡೆಯುತ್ತವೆ. ಬರುವಾಗಿನ ಚಹಾ ನನ್ನ ಕೈ ದುಡ್ಡಿನಿಂದಲೇ.

ಈಗಿನ ನಡೆ ಹೀಗೆ. ಮಧ್ಯಾಹ್ನ ಒಂದೂವರೆಯ ಬಸ್ಸು ಹತ್ತಿದರೆ ರಾತ್ರಿ ಹನ್ನೊಂದರ ಸುಮಾರಿಗೆ ಮೆಜೆಸ್ಟಿಕ್. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು. ಟಿಕೆಟ್ ಇನ್ನೂರೈವತ್ತರಿಂದ ಮುನ್ನೂರು ಅಂತ ನೆನಪು. ಹನ್ನೆರಡೂವರೆಗೆ ವಿಮಾನ ನಿಲ್ದಾಣ. ಅಲ್ಲಿಂದ ಎರಡೂವರೆವರೆಗೆ ಕಾಲು ಚಾಚಿ ಮಲಗಲು ಒಂದು ಜಾಗ ಕಂಡುಕೊಂಡಿದ್ದೇನೆ. ಅದು ಯಾವುದು ಅಂತ ಬರೆಯೋದಿಲ್ಲ, ಆರು ಸಲ ಅಲೆದು ಹುಡುಕಿದ್ದು. ಆಮೇಲೆ ಸೀರೆ ಗಂಟು ತೂಕಕ್ಕೆ. ಪುಕ್ಕಟೆ ಒಯ್ಯಬಹುದಾದ 15 ಕೆಜಿಯಲ್ಲಿ ಇಪ್ಪತ್ತರ ಮೇಲೆ ಸೀರೆ ಹಿಡಿಸುತ್ತೇನೆ. ನಮ್ಮ ಸಾಲಿನಲ್ಲಿ ಇಷ್ಟು ಯಾರೂ ಹಿಡಿಸಿಲ್ಲ. ಸೀರೆ ಮಡಚುವ ಆ ಬಗೆಯೂ ಸದ್ಯ ನನ್ನ ಹತ್ತಿರವೇ ಇರಲಿ. ತಪಾಸಣೆ ಮುಗಿಸಿ ಮೂರೂಕಾಲಕ್ಕೆ ಲಾಂಜ್ ಒಳಗೆ. ಮುಖ ತೊಳೆದು, ಅಂಗಿ ಬದಲಿಸಿ, ಫೋನ್ ಚಾರ್ಜಿಗೆ ಹಾಕಿ, ಇಡ್ಲಿ ಉಪ್ಪಿಟ್ಟು ತಿಂದು, ಎರಡು ಕಾಫಿ. ಕಾರ್ಡ್ ಮೇಲಿನ ಹೆಸರು ಬೋರ್ಡಿಂಗ್ ಪಾಸ್ ಮೇಲಿನ ಹೆಸರಿನಂತೆಯೇ ಇರಬೇಕು. ಜೊತೆಯವರಿಗೆ ನಮ್ಮ ಕಾರ್ಡ್ ನಡೆಯೋದಿಲ್ಲ, ಅವರದೇ ಬೇಕು.

ಒಳಗಿನ ಕುರ್ಚಿ ಬಹಳ ಮೆತ್ತಗೆ. ನಿದ್ದೆ ಹತ್ತುತ್ತದೆ, ಯಾರೂ ಹೆಸರು ಹಿಡಿದು ಕೂಗೋದಿಲ್ಲ. ಗೇಟು 25 ನಿಮಿಷ ಮೊದಲೇ ಮುಚ್ಚುತ್ತದೆ. ಹಾಗಾಗಿ ಐದಕ್ಕೆ ಒಂದು, ಐದೂ ಐದಕ್ಕೆ ಇನ್ನೊಂದು ಅಲಾರಾಂ ಇಡುತ್ತೇನೆ.

ನಡುವೆ ಒಮ್ಮೆ ಹೈದರಾಬಾದ್ ಕಡೆಯಿಂದಲೂ ನೋಡಿದೆ. ರಾಯಚೂರು, ಮೆಹಬೂಬ್‌ನಗರದ ಮೇಲೆ ಹೋಗುವ ಬಸ್ಸು ಶಂಶಾಬಾದ್ ದಾಟಿಯೇ ಊರು ಸೇರುತ್ತದೆ. ಅಲ್ಲೇ ಇಳಿದರೆ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ. ಲೆಕ್ಕ ಸರಿ ಇತ್ತು. ಆದರೆ ಆ ಹೊತ್ತಿಗೆ ಸಿಕ್ಕ ಒಂದೇ ಆಟೋದವನು ನಾನೂರು ಕೇಳಿದ, ಕೊಟ್ಟೆ. ಹಗಲಾದರೆ ಅದೂ ಒಳ್ಳೆ ದಾರಿಯೇ. ಇನ್ನೊಂದು ಸಲ ಕೈಚೀಲದಲ್ಲಿ ಕಡಕ್ ರೊಟ್ಟಿ ಒಯ್ದೆ. ತಪಾಸಣೆಯಲ್ಲಿ ಯಾರೂ ತಡೆಯಲಿಲ್ಲ. ಲಾಂಜ್‌ನ ಬಿಸಿ ಸಾಂಬಾರಿನಲ್ಲಿ ಮುರಿದು ಹಾಕಿದರೆ ಹೊಟ್ಟೆ ದಿಲ್ಲಿವರೆಗೆ ತುಂಬಿರುತ್ತದೆ.

ಲಾಡ್ಜ್, ಟ್ಯಾಕ್ಸಿ, ನಾಷ್ಟಾ ಎಲ್ಲ ಕಳೆದರೆ ಒಂದು ಸಲಕ್ಕೆ ಎರಡು ಸಾವಿರದ ಮೇಲೆಯೇ ಉಳಿಯುತ್ತದೆ. ವರ್ಷದ ಉಳಿಕೆಯಲ್ಲಿ ಹೋದ ದೀಪಾವಳಿಗೆ ಅಂಗಡಿಗೆ ಹೊಸ ಗಾಜಿನ ಕಪಾಟು ಮಾಡಿಸಿದೆ. ಕಾರ್ಡಿನ ನಿಯಮಗಳನ್ನು ಬ್ಯಾಂಕಿನವರು ಬದಲಿಸುತ್ತಲೇ ಇರುತ್ತಾರೆ. ಹೊರಡುವ ವಾರ ನಿಮ್ಮ ಶಾಖೆಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಮುಂದಿನ ತಿಂಗಳು ಕಾಕಾನೂ ನನ್ನ ಜೊತೆ ದಿಲ್ಲಿಗೆ ಬರುತ್ತಿದ್ದಾರೆ. ಮೊನ್ನೆ ಅವರ ಕಾರ್ಡ್‌ನ ಸ್ವೈಪ್ ಚಾಲೂ ಮಾಡಿಸಿಕೊಂಡು ಬಂದೆವು.