ಇಳಿತ ನೋಡಿ ಪ್ರಾಕ್ಟೀಸ್: ಕೆಳಗಿನ ಡಿವಿಷನ್‌ನಿಂದ ನಾವು ಮೇಲೆ ಬಂದದ್ದು

"ಎಂಥ ಮಾರಾಯ, ನೀನು ಹುಡುಗರಿಗೆ ಫುಟ್ಬಾಲ್ ಕಲಿಸ್ತಿದ್ದೀಯಾ, ಮರುವಾಯಿ ಹೆಕ್ಕಿಸ್ತಿದ್ದೀಯಾ?"

ಎರಡು ವರ್ಷದ ಹಿಂದೆ ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ನಿಂತು ಇನ್ನೊಂದು ಕ್ಲಬ್ಬಿನ ಹಿರಿಯರೊಬ್ಬರು ಎಲ್ಲರೆದುರು ಹೀಗೆ ಕೇಳಿದ್ದರು. ಮರುವಾಯಿ ಅಂದರೆ ಮರಳಲ್ಲಿ ಹೆಕ್ಕುವ ಚಿಪ್ಪುಮೀನು; ನಮ್ಮ ಪ್ರಾಕ್ಟೀಸ್ ಕಡಲ ದಡದಲ್ಲಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ಮಳೆಗಾಲದಲ್ಲಿ ಅವರ ತಂಡಕ್ಕೆ ನಾವು ಮೂರು ಗೋಲು ಹಾಕಿದೆವು. ಇನ್ನು ಬರೆಯಬಹುದು ಅನಿಸಿತು.

ಮೊದಲು ದುಡ್ಡಿನ ಕತೆ. ಹಿಂದೆ ನಾವೂ ಎಲ್ಲರ ಹಾಗೇ ಗೆಸ್ಟ್ ಆಟಗಾರರನ್ನು ತರಿಸುತ್ತಿದ್ದೆವು. ಕಾಸರಗೋಡು ಕಡೆಯಿಂದ ಮೂರು ಜನ, ಎಲ್ಲ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್ಬಾಲ್) ಆಡಿ ಪಳಗಿದವರು. ತಲೆಗೆ ಎರಡು ಸಾವಿರ, ಮೇಲೆ ಬಸ್ಸಿನ ಖರ್ಚು, ಬಿರಿಯಾನಿ. ಒಂದು ಮ್ಯಾಚಿಗೆ ಏನಿಲ್ಲವೆಂದರೂ ಎಂಟು ಸಾವಿರ ಕೈಬಿಡುತ್ತಿತ್ತು. ಆಟ ಚೆನ್ನಾಗಿಯೇ ಆಡುತ್ತಿದ್ದರು, ಆದರೆ ನಮ್ಮ ಹುಡುಗರ ಹೆಸರೇ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ನಾವೇ ಲೀಗ್ ಟೇಬಲ್‌ನಲ್ಲಿ ತಳದಲ್ಲಿ. ಜೆರ್ಸಿಗೆ ದುಡ್ಡು ಕೊಡುತ್ತೇನೆಂದ ಅಂಗಡಿಯವರೊಬ್ಬರು ಹೆಸರು ಅಚ್ಚು ಹಾಕಿಸಿದ ಮೇಲೆ ಫೋನ್ ಎತ್ತಲಿಲ್ಲ. ಆ 14 ಸಾವಿರ ನನ್ನ ಹೆಂಡತಿಗೆ ಇವತ್ತಿಗೂ ನೆನಪಿದೆ.

ಪ್ರಾಕ್ಟೀಸಿಗೆ ಜಾಗವೂ ಇರಲಿಲ್ಲ. ಊರಲ್ಲಿ ಈಗ ಟರ್ಫ್‌ಗಳು, ಅಂದರೆ ಕೃತಕ ಹುಲ್ಲಿನ ಬಾಡಿಗೆ ಅಂಕಣಗಳು, ಬೇಕಾದಷ್ಟಿವೆ, ಆದರೆ ಗಂಟೆಗೆ ಸಾವಿರದ ಮೇಲೆ. ಅಲ್ಲಿ ಐದು ಜನ ಆಡಬಹುದು, ಹದಿನೆಂಟು ಹುಡುಗರನ್ನು ಕರಕೊಂಡು ಹೋಗುವುದು ಹೇಗೆ? ಹಾಗಾಗಿ ಕಡಲಿಗೆ ಹೋದೆವು. ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿದರೆ ಆಚೆ ತಣ್ಣೀರುಬಾವಿ. ಬಾಡಿಗೆ ಇಲ್ಲ, ಕೇಳುವವರಿಲ್ಲ.

ಮೊದಲ ವರ್ಷ ಪೂರ್ತಿ ಹಾಳು. ಒಣ ಮರಳಿನಲ್ಲಿ ಓಡಿಸಿದೆ. ಮೂರೇ ವಾರದಲ್ಲಿ ನಾಲ್ಕು ಹುಡುಗರಿಗೆ ಮೀನಖಂಡ ಹಿಡಿದುಕೊಂಡಿತು. ಒಬ್ಬನಿಗೆ ಹಿಮ್ಮಡಿಯ ನರ ಊದಿ ಒಂದೂವರೆ ತಿಂಗಳು ಮನೆಯಲ್ಲೇ. ಅವನ ಅಮ್ಮ ನನ್ನ ಮನೆಗೆ ಬಂದು, "ನಿಮ್ಮ ಮಕ್ಕಳನ್ನು ಓಡಿಸಿ ಅಣ್ಣ, ನಮ್ಮವನನ್ನು ಬಿಡಿ" ಎಂದರು. ಬೂಟ್ ಹಾಕಿಸಿದರೆ ಉಪ್ಪುನೀರಿಗೆ ಸೋಲ್ ಕಿತ್ತು ಬಂತು. ಆರು ಜೊತೆ ಹೋಯಿತು. ಎರಡು ಚೆಂಡು ಅಲೆಯ ಪಾಲು. ಆ ಸಲ ಒಂದು ಮ್ಯಾಚು ಐದು ಸೊನ್ನೆಯಲ್ಲಿ ಸೋತೆವು.

ದಾರಿ ತೋರಿಸಿದ್ದು ನಮ್ಮ ಸ್ಟಾಪರ್ ಹುಡುಗ, ಹಿಂದೆ ನಡುವಲ್ಲಿ ನಿಂತು ತಡೆಯುವವನು. ಬೋಟಿಗೆ ಹೋಗುವವನು. "ಅಣ್ಣ, ನೀರು ಇಳಿದಾಗ ಬನ್ನಿ, ಆಗ ಗಟ್ಟಿ ಇರ್ತದೆ" ಎಂದ. ಅಷ್ಟೇ. ಇಳಿತದಲ್ಲಿ ನೀರು ಬಿಟ್ಟುಹೋದ ಹಸಿ ಪಟ್ಟಿ ಇದೆಯಲ್ಲ, ಅಲ್ಲಿ ಬರಿಗಾಲಲ್ಲಿ ಆಡಿದರೆ ಕಾಲು ಹೂತುಹೋಗುವುದಿಲ್ಲ. ಆದರೆ ಚೆಂಡು ಬೇಗ ಸಾಯುತ್ತದೆ. ಹತ್ತು ಗಜದ ಪಾಸಿಗೆ ಇಪ್ಪತ್ತು ಗಜದ ಒದೆ ಬೇಕು. ನಡುವೆ ನೀರು ನಿಂತ ಗುಂಡಿ ಬಂದರೆ ಚೆಂಡನ್ನು ಎತ್ತಿ ದಾಟಿಸಲೇಬೇಕು. ಮಳೆಗಾಲದ ನೆಹರೂ ಮೈದಾನ ಇದೇ ಅಲ್ವಾ? ಉಳಿದ ತಂಡಗಳು ಟರ್ಫ್‌ನಲ್ಲಿ ಚಂದದ ನೆಲಪಾಸು ಕಲಿತು ಬರುತ್ತವೆ, ಗೋಲಿನೆದುರಿನ ಕೆಸರಲ್ಲಿ ಚೆಂಡು ನಿಂತಾಗ ಕಣ್ಣು ಬಿಡುತ್ತವೆ. ನಮ್ಮವರಿಗೆ ಅದು ಮನೆಯಂಗಳ.

ತೊಂದರೆ ಒಂದೇ. ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಸಂಜೆ ನಾಲ್ಕೂವರೆ ಆದರೆ ನಾಳೆ ಐದು ಇಪ್ಪತ್ತು. ಹೀಗೆ ಜಾರಿ ಜಾರಿ ಕೆಲವು ದಿನ ಬೆಳಗ್ಗೆಯೇ ಆಡಬೇಕು. ಅಂಗಡಿ ಕೆಲಸದವರು, ಕಾಲೇಜಿನವರು ಎಲ್ಲರೂ ಬೈದರು. ಕೊನೆಗೆ ವಾರಕ್ಕೆ ಮೂರು ದಿನ ಆರಿಸಿಕೊಂಡೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ತುಂಬ ಹಿಂದೆ ಸರಿಯುವುದರಿಂದ ಪಟ್ಟಿ ಅಗಲ, ಆಗ ಪೂರ್ತಿ ಮ್ಯಾಚೇ ಆಡಿಸಬಹುದು. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿ ಹೊತ್ತು ಹೇಳುವ ಲೆಕ್ಕವೊಂದನ್ನು ಕಟ್ಟಿಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಬೇಜಾರು ಮಾಡಬೇಡಿ. ಮಳೆಗಾಲದಲ್ಲಂತೂ ಕಡಲ ಹತ್ತಿರ ಸುಳಿಯಲೇಬೇಡಿ. ನಮ್ಮದು ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ.

ನಡುವೆ ಚೆಂಡಿನ ಹುಚ್ಚೂ ಹಿಡಿದಿತ್ತು. ನಿಯಮದ ಪ್ರಕಾರ ಐದನೇ ಸೈಜಿನ ಚೆಂಡು 410ರಿಂದ 450 ಗ್ರಾಂ ಇರಬೇಕು. ಕೈಹೊಲಿಗೆಯ ಹಳೇ ಚೆಂಡೊಂದನ್ನು ಮಳೆ ಮ್ಯಾಚು ಮುಗಿದ ಮೇಲೆ ಮೀನಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. 500 ದಾಟಿತ್ತು! ಹೊಲಿಗೆಗೆ ಮೇಣ ತಿಕ್ಕಿ ನೋಡಿದೆ, ಸ್ವಲ್ಪ ಕಮ್ಮಿಯಾಯಿತು, ಆದರೆ ಗೋಲ್‌ಕೀಪರ್ ಕೈಯಿಂದ ಜಾರತೊಡಗಿತು. ಅದನ್ನು ಅಲ್ಲಿಗೇ ಬಿಟ್ಟೆ. ಒದ್ದೆ ಚೆಂಡಿನಲ್ಲೇ ಹೆಡ್ಡಿಂಗ್ ಕಲಿಸಬೇಕೆಂದು ಹೊರಟು ಎರಡೇ ದಿನಕ್ಕೆ ನಿಲ್ಲಿಸಿದೆ, ಎಲ್ಲರಿಗೂ ತಲೆನೋವು.

ಇನ್ನೊಂದು ಲಾಭ ನಾನು ಎಣಿಸಿದ್ದಲ್ಲ. ಜೂನ್ ಒಂದರಿಂದ ಜುಲೈ ಮುಗಿಯುವ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಬೋಟ್ ಹುಡುಗರು ಐದು ಜನ ಆಗ ದಡದಲ್ಲೇ ಇರುತ್ತಾರೆ. ಬಲೆ ಎಳೆದ ಕೈಕಾಲು. ಅವರ ಭುಜಕ್ಕೆ ತಾಗಿದ ಕಾಲೇಜು ಹುಡುಗರು ಮತ್ತೆ ಹತ್ತಿರ ಬರುವುದಿಲ್ಲ. ಆಗಸ್ಟ್ ಬಂತೆಂದರೆ ಐವರೂ ನಾಪತ್ತೆ, ಒಮ್ಮೆ ಹೋದರೆ ಹತ್ತು ದಿನ ಕಡಲಲ್ಲೇ. ಆಗ ಬೇರೆ ಹನ್ನೊಂದು ಜನರನ್ನು ಹೇಗೆ ಹೊಂದಿಸುತ್ತೇನೆ ಎಂಬುದೂ ನನ್ನ ಹತ್ತಿರವೇ ಇರಲಿ.

ಈ ಸಲ ಏಳು ಮ್ಯಾಚಲ್ಲಿ ಐದು ಗೆದ್ದೆವು, ಒಂದು ಡ್ರಾ. ಗೆಸ್ಟ್ ಒಬ್ಬನೂ ಇಲ್ಲ. ಇಡೀ ಸೀಸನ್ನಿಗೆ 22 ಸಾವಿರವೋ 23 ಸಾವಿರವೋ ಖರ್ಚಾಗಿರಬೇಕು. ಅದರಲ್ಲಿ ಅರ್ಧ ಗಂಜಿ, ಚಟ್ನಿ, ದೋಣಿ ಬಾಡಿಗೆಗೇ ಹೋಯಿತು. ಮೇಲಿನ ಡಿವಿಷನ್‌ಗೆ ಬಂದ ದಿನ ಮಾತ್ರ ಕೋರಿ ರೊಟ್ಟಿ. ನಮ್ಮ ಲೆಫ್ಟ್ ವಿಂಗಿನ ಹುಡುಗನಿಗೆ ಬೆಂಗಳೂರಿನ ಸಿ ಡಿವಿಷನ್ ಕ್ಲಬ್ಬೊಂದರಿಂದ ಕರೆ ಬಂದಿದೆ. ಕಳಿಸಬೇಕು, ಹೊಟ್ಟೆ ಉರಿಯುತ್ತದೆ.

ಮರುವಾಯಿ ಅಂದಿದ್ದ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಮನೆಮಂದಿಯ ಸುದ್ದಿ, ಮಳೆ ಸುದ್ದಿ ಎಲ್ಲ ಮಾತಾಡಿ ಕೊನೆಗೆ, "ಅಲ್ಲ ಮಾರಾಯ, ಸುಮ್ನೆ ಕೇಳ್ತೇನೆ, ನಾಡಿದ್ದು ಇಳಿತ ಎಷ್ಟು ಗಂಟೆಗೆ?" ಎಂದರು.

ಹೇಳಿದೆ. ಒಂದು ಗಂಟೆ ಹೆಚ್ಚುಕಮ್ಮಿ ಮಾಡಿ.