ಕ್ರೈಸ್ತ ನಂಬಿಕೆಯ ಅದ್ಭುತ ಕಥೆ, ವಿಜ್ಞಾನ ಕಥೆ: ಓದುವ ಕ್ರಮ, ಬರೆಯುವ ಕ್ರಮ

ಕ್ರೈಸ್ತ ನಂಬಿಕೆಯನ್ನು ಒಳಗೊಂಡ ಅದ್ಭುತ ಕಥೆಯನ್ನೋ ವಿಜ್ಞಾನ ಕಥೆಯನ್ನೋ ಬರೆಯಲು ಹೊರಡುವ ನಮ್ಮ ಯುವಕ ಯುವತಿಯರಲ್ಲಿ ಅನೇಕರು ಮೊದಲ ಪುಟದಲ್ಲಿಯೇ ಹಿಮ ಸುರಿಸುತ್ತಾರೆ, ಕೋಟೆ ಕಟ್ಟುತ್ತಾರೆ, ಕೊನೆಯ ಪುಟದಲ್ಲಿ ಒಬ್ಬ ವೃದ್ಧನನ್ನು ಕರೆತಂದು ಪ್ರಸಂಗ ಮಾಡಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಸಭೆಗಳಲ್ಲಿ ಬೆಳೆದವರಿಗೆ ಆ ಹಿಮವೂ ಬೇಕಾಗಿಲ್ಲ, ಆ ಪ್ರಸಂಗವೂ ಬೇಕಾಗಿಲ್ಲ. ಕೈಯಲ್ಲಿರುವ ಸತ್ಯವೇದ (ಬೈಬಲ್) ಮತ್ತು ಕಣ್ಣೆದುರಿಗಿರುವ ಈ ಬಯಲುಸೀಮೆ ಇವೆರಡೇ ಒಬ್ಬ ಬರಹಗಾರನಿಗೆ ಜೀವಮಾನವಿಡೀ ಸಾಕಾಗುವಷ್ಟು ಸಾಮಗ್ರಿಯನ್ನು ಕೊಡುತ್ತವೆ. ಅದನ್ನು ಬಳಸುವ ಬಗೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಓದನ್ನು ಸತ್ಯವೇದದೊಳಗಿನ ಕಥೆಗಳಿಂದಲೇ ಆರಂಭಿಸಿರಿ, ಆದರೆ ಅವುಗಳನ್ನು ಕಥೆ ಕಟ್ಟುವವನ ಕಣ್ಣಿನಿಂದ ಓದಿರಿ. ನ್ಯಾಯಸ್ಥಾಪಕರು 9ನೆಯ ಅಧ್ಯಾಯದಲ್ಲಿ ಮರಗಳು ತಮಗೊಬ್ಬ ಅರಸನನ್ನು ಹುಡುಕುತ್ತವೆ. ಎಣ್ಣೆಮರ, ಅಂಜೂರ, ದ್ರಾಕ್ಷೆ ಮೂರೂ ಒಲ್ಲೆವೆಂದ ಮೇಲೆ ಮುಳ್ಳುಗಿಡ ಒಪ್ಪಿಕೊಳ್ಳುತ್ತದೆ. ಮಾತನಾಡುವ ಮರಗಳ ಕಥೆ ನಮ್ಮ ಗ್ರಂಥದಲ್ಲಿಯೇ ಇರುವಾಗ ಇಂಥ ಕಲ್ಪನೆಯೇ ನಂಬಿಕೆಗೆ ಅಪಾಯವೆಂದು ಹೆದರುವವರ ಹೆದರಿಕೆ ಅರ್ಧದಷ್ಟು ಅಲ್ಲಿಯೇ ಕರಗಬೇಕು. ಅದಕ್ಕಿಂತಲೂ ಹೆಚ್ಚು ಕಲಿಸುವುದು 2 ಸಮುವೇಲ 12ರಲ್ಲಿ, ಇನ್ನೊಬ್ಬನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ ಅರಸ ದಾವೀದನಿಗೆ ಪ್ರವಾದಿ ನಾತಾನನು ಹೇಳುವ ಕುರಿಮರಿಯ ಕಥೆ. ಬಡವನ ಆ ಒಂದೇ ಕುರಿಮರಿ ಅವನ ತುತ್ತನ್ನೇ ತಿನ್ನುತ್ತಿತ್ತು, ಅವನ ಪಾತ್ರೆಯಲ್ಲಿಯೇ ಕುಡಿಯುತ್ತಿತ್ತು, ಅವನ ಮಗ್ಗುಲಲ್ಲಿಯೇ ಮಲಗುತ್ತಿತ್ತು. ಅದನ್ನು ಐಶ್ವರ್ಯವಂತನೊಬ್ಬನು ಕಸಿದುಕೊಂಡನು. ಈ ವಿವರಗಳು ದಾವೀದನ ಮನಸ್ಸನ್ನು ಹಿಡಿದವು. ಕುರಿಮರಿ ಯಾರು, ಐಶ್ವರ್ಯವಂತ ಯಾರು ಎಂದು ನಾತಾನನು ನಡುವೆ ಬಿಡಿಸಿ ಹೇಳಲಿಲ್ಲ. ಕೇಳಿದವನು ತಾನಾಗಿ ಕೋಪಗೊಂಡು ತೀರ್ಪು ಕೊಡುವವರೆಗೂ ಕಾದನು.

ಸತ್ಯವೇದದಾಚೆಯ ಪುಸ್ತಕಗಳಲ್ಲಿ ನಂಬಿಕೆ ಬೇರೆ ಬೇರೆ ಆಳದಲ್ಲಿ ಇರುತ್ತದೆ ಎಂಬುದನ್ನು ಗಮನಿಸುವುದು ಓದುಗನ ಮೊದಲ ಕೆಲಸ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಎಂಬ ಯಾತ್ರಿಕನ ಕಥೆಯಲ್ಲಿ ಪ್ರತಿಯೊಂದು ಹೆಸರೂ ತನ್ನ ಅರ್ಥವನ್ನು ತಾನೇ ಸಾರುತ್ತದೆ. ಸಿ. ಎಸ್. ಲೂಯಿಸ್ ನಾರ್ನಿಯಾ ಎಂಬ ಲೋಕದಲ್ಲಿ ನಡೆಯುವ ತನ್ನ ಸಿಂಹದ ಕಥೆಯನ್ನು ಅಂಥ ಸಂಕೇತಕಥೆ ಎಂದು ಒಪ್ಪುತ್ತಿರಲಿಲ್ಲ; ಮಾತನಾಡುವ ಮೃಗಗಳ ಲೋಕವೊಂದು ನಿಜವಾಗಿಯೂ ಇದ್ದಿದ್ದರೆ ದೇವಕುಮಾರನು ಅಲ್ಲಿಗೆ ಯಾವ ರೂಪದಲ್ಲಿ ಬರುತ್ತಿದ್ದನು ಎಂಬ ಊಹೆಯೇ ಅದರ ಬೇರು ಎನ್ನುತ್ತಿದ್ದನು. ಜೆ. ಆರ್. ಆರ್. ಟೋಲ್ಕಿನ್ ಇನ್ನೂ ಆಳಕ್ಕೆ ಇಳಿದವನು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ದೊಡ್ಡ ಕೃತಿ 'ದಿ ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ಚರ್ಚೂ ಇಲ್ಲ, ಕ್ರಿಸ್ತನ ಹೆಸರೂ ಇಲ್ಲ. ಆದರೂ ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊತ್ತವರು ಡಿಸೆಂಬರ್ 25ರಂದು ಹೊರಡುತ್ತಾರೆ. ಮಾರ್ಚ್ 25ರಂದು ಉಂಗುರ ನಾಶವಾಗುತ್ತದೆ. ಮೊದಲನೆಯದು ಕ್ರಿಸ್ತಜನನದ ದಿನ, ಎರಡನೆಯದು ದೇವದೂತನು ಮರಿಯಳಿಗೆ ಶುಭವಾರ್ತೆ ತಿಳಿಸಿದ ಹಬ್ಬದ ದಿನ. ಕಥೆಯ ನಡುವೆ ಯಾರೂ ಇದರ ಕಡೆಗೆ ಬೆರಳು ತೋರಿಸುವುದಿಲ್ಲ. ನನ್ನ ಮಟ್ಟಿಗೆ, ನಂಬಿಕೆ ಹೀಗೆ ನೆಲದಡಿಯ ನೀರಿನಂತೆ ಹರಿಯುವ ಕಥೆಯೇ ಹೆಚ್ಚು ಕಾಲ ಬಾಳುತ್ತದೆ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಬರೆಯುವಾಗ ಮಾತ್ರ ಬನ್ಯನ್‌ನ ನೇರವಾದ ದಾರಿಯೇ ಸರಿ.

ಓದುವಾಗ ಒಂದು ನೋಟ್‌ಬುಕ್ ಜೊತೆಗಿರಲಿ. ಈ ಲೋಕದಲ್ಲಿ ಕೆಟ್ಟದ್ದು ಎಲ್ಲಿಂದ ಬಂದಿತು, ಒಳ್ಳೆಯದನ್ನು ಆರಿಸಿಕೊಂಡವನು ಏನನ್ನು ಕಳೆದುಕೊಂಡನು, ಕ್ಷಮೆಗೆ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆಗಳಿಗೆ ಪುಟಸಂಖ್ಯೆ ಸಹಿತ ಉತ್ತರ ಬರೆದುಕೊಳ್ಳಿರಿ. ದೇವರ ಹೆಸರು ಪುಟಕ್ಕೆ ಹತ್ತು ಸಲ ಬಂದರೂ ಈ ಮೂರಕ್ಕೆ ಉತ್ತರ ಸಿಗದಿದ್ದರೆ ಆ ಕಥೆಯಲ್ಲಿ ನಂಬಿಕೆ ಬರಿಯ ಅಲಂಕಾರ.

ಬರೆಯುವ ವಿಷಯಕ್ಕೆ ಬಂದರೆ, ಮೊದಲು ಸ್ಥಳವನ್ನು ಆರಿಸಿರಿ. ವಿಜ್ಞಾನ ಕಥೆಗೆ ಕೆಜಿಎಫ್‌ಗಿಂತ ಒಳ್ಳೆಯ ಸ್ಥಳ ನಮ್ಮ ರಾಜ್ಯದಲ್ಲಿಯೇ ಸಿಗಲಾರದು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿದ್ದ ಆ ಚಿನ್ನದ ಗಣಿಯಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ, ಬಂಡೆಯನ್ನೂ ದಾಟಿ ಹೋಗಬಲ್ಲ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತನ್ನು ಹಿಡಿದರು. ಬಾಹ್ಯಾಕಾಶದಿಂದ ಸುರಿಯುವ ಇತರ ಕಣಗಳನ್ನು ಮೇಲಿನ ಬಂಡೆ ತಡೆದುಬಿಡುವುದರಿಂದಲೇ ಅವರು ಅಷ್ಟು ಆಳಕ್ಕೆ ಹೋಗಿದ್ದರು. 1980ರ ದಶಕದಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಕಬ್ಬಿಣದ ಫಲಕಗಳನ್ನು ಪದರ ಪದರವಾಗಿ ಜೋಡಿಸಿ, ಪರಮಾಣುವಿನೊಳಗಿನ ಕಣವಾದ ಪ್ರೋಟಾನ್ ಎಂದಾದರೂ ತಾನಾಗಿ ಅಳಿಯುತ್ತದೆಯೇ ಎಂದು ಕಾದರು. ಅಳಿದಿರಬಹುದು ಎನ್ನಿಸುವ ಕೆಲವು ಗುರುತುಗಳು ಸಿಕ್ಕವು. ಬೇರೆ ದೇಶಗಳ ದೊಡ್ಡ ಪತ್ತೆಯಂತ್ರಗಳು ಅದನ್ನು ಸಮರ್ಥಿಸಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು.

ಈಗ ಯೋಬನ ಗ್ರಂಥದ 28ನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿರಿ. ಅದು ಗಣಿಯವರ ಅಧ್ಯಾಯ. ಜನವಸತಿಯಿಂದ ದೂರದಲ್ಲಿ ಗುಂಡಿ ತೋಡಿ, ಹಗ್ಗಕ್ಕೆ ಜೋತು ಬಿದ್ದು, ಕತ್ತಲೆಯ ಕೊನೆಯವರೆಗೂ ಅದಿರನ್ನು ಹುಡುಕುವ ಮನುಷ್ಯನನ್ನು ವರ್ಣಿಸಿ, ಜ್ಞಾನವಾದರೋ ಎಲ್ಲಿ ಸಿಗುತ್ತದೆ ಎಂದು ಕೇಳುತ್ತದೆ. ತನ್ನಲ್ಲಿ ಇಲ್ಲವೆಂದು ಆಳವೇ ಉತ್ತರಿಸುತ್ತದೆ. ಭೂಮ್ಯಾಕಾಶಗಳು ಅಳಿದುಹೋಗುವವೆಂದು ನಂಬುವ ಊರಿನ ಕಾಲಡಿಯಲ್ಲಿಯೇ, ವಸ್ತುವಿಗೆ ಅಳಿವುಂಟೋ ಎಂದು ಯಂತ್ರವೊಂದು ವರ್ಷಗಟ್ಟಲೆ ಕಾದಿತ್ತು ಎಂಬುದನ್ನು ನೆನೆದರೆ ಕಥೆ ತಾನಾಗಿಯೇ ಮೊಳೆಯುತ್ತದೆ.

ಒಂದು ಮಾದರಿಯನ್ನು ಕಟ್ಟಿ ನೋಡೋಣ. ಮುಂದೊಂದು ಕಾಲದಲ್ಲಿ ಗಣಿಯ ನೀರನ್ನು ಹೊರಹಾಕಿ ಹೊಸ ಪತ್ತೆಯಂತ್ರವನ್ನು ಇಳಿಸಿದ್ದಾರೆ. ಪ್ರೋಟಾನ್ ಅಳಿಯುವುದು ಸಾಬೀತಾದರೆ ಹಣ ಹೂಡಲು ಕಂಪನಿಯೊಂದು ಸಿದ್ಧವಾಗಿದೆ, ಬೆಂಗಳೂರಿಗೆ ದಿನವೂ ರೈಲು ಹತ್ತುವ ಮಕ್ಕಳಿಗೆ ಊರಿನಲ್ಲಿಯೇ ಕೆಲಸ ಸಿಗಲಿದೆ. ರಾತ್ರಿ ಪಾಳಿಯಲ್ಲಿರುವ ಯೇಸುದಾಸನಿಗೆ ಒಂದು ಗುರುತು ಕಾಣಿಸುತ್ತದೆ. ದುರ್ಬಲವಾದ ಕರಡಿನಲ್ಲಿ ಅವನು ಮೊಣಕಾಲೂರಿ, ವಿಜ್ಞಾನ ಸೋತಿತು, ದೇವರು ಗೆದ್ದನು ಎಂದು ಕೂಗುತ್ತಾನೆ. ಅದನ್ನು ಹೊಡೆದುಹಾಕಿ ಹೀಗೆ ಬರೆಯಿರಿ:

"ಗೆರೆ ಮಧ್ಯದಿಂದ ಹುಟ್ಟಿರಲಿಲ್ಲ. ಅಂಚಿನ ಮೂರನೆಯ ಪದರದಿಂದ ಒಳಗೆ ಬಂದಿತ್ತು. ಯೇಸುದಾಸ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೇಲೆ, ಗಣಿಗೆ ಇಳಿಸುವ ಕೇಜಿನ ಬಳಿ ಮಗ ಕಾಯುತ್ತಿದ್ದ, ಕೆಲಸದ ಅರ್ಜಿ ಅವನ ಜೇಬಿನಲ್ಲಿತ್ತು. ರಿಜಿಸ್ಟರಿನಲ್ಲಿ ಯೇಸುದಾಸ ಬರೆದ: ಹೊರಗಿನಿಂದ ಬಂದ ಕಣವಿರಬಹುದು. ಸಹಿ ಹಾಕುವಾಗ ಪೆನ್ನು ಎರಡು ಸಲ ನಿಂತಿತು."

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯ ಉಲ್ಲೇಖ ಇಲ್ಲಿಲ್ಲ. ಆದರೆ ಅದನ್ನು ಪಾಲಿಸಿದ್ದಕ್ಕೆ ಅವನು ತೆರುವ ಬೆಲೆ ಇದೆ, ಮುಂದಿನ ಅಧ್ಯಾಯ ಆ ಬೆಲೆಯಿಂದಲೇ ಹುಟ್ಟಬೇಕು. ದೇವರು ಮರುದಿನವೇ ನಿಜವಾದ ಗುರುತನ್ನು ಕಳುಹಿಸಿ ಅವನಿಗೆ ಬಹುಮಾನ ಕೊಟ್ಟುಬಿಟ್ಟರೆ ಕಥೆ ಕೆಡುತ್ತದೆ.

ಸ್ಥಳಗಳು ಇನ್ನೂ ಇವೆ. ಗೌರಿಬಿದನೂರಿನ ರೇಡಿಯೋ ದೂರದರ್ಶಕ 1970ರ ದಶಕದಿಂದ ಆಕಾಶದ ಅಲೆಗಳಿಗೆ ಕಿವಿಗೊಟ್ಟಿದೆ. ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತನಗೆ ಇವೆ ಎಂಬ ಯೋಹಾನ 10:16ರ ಮಾತಿನೊಡನೆ, ಅಲ್ಲಿಗೆ ಬರುವ ಒಂದು ಕರೆಯನ್ನು ಕಲ್ಪಿಸಬಹುದು. ಕರೆ ಮಾಡಿದ ಜೀವಿಗಳು ಪಾಪದಲ್ಲಿ ಬಿದ್ದವರೋ ಬೀಳದವರೋ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿಕೊಳ್ಳಿರಿ. ಇಲ್ಲವಾದರೆ ಅರ್ಧದಾರಿಯಲ್ಲಿ ಕಥೆ ನಿಲ್ಲುತ್ತದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಅರಸನು ಆಸೆಪಟ್ಟು ಕಸಿದುಕೊಂಡ ನಾಬೋತನ ದ್ರಾಕ್ಷೇತೋಟದ (1 ಅರಸುಗಳು 21) ಪ್ರಶ್ನೆಯನ್ನು ಅಂಥ ನೆಲದಲ್ಲಿ ಹೊಸದಾಗಿ ಕೇಳಬಹುದು. ಅದ್ಭುತ ಕಥೆ ಬರೆಯುವವರಿಗೆ ಕೋಲಾರದ ಕೆರೆಗಳೇ ಸಾಕು. 2018ರಿಂದ ಬೆಂಗಳೂರಿನ ಬಳಸಿದ ನೀರು ಸಂಸ್ಕರಣೆಗೊಂಡು ಅವುಗಳಿಗೆ ಬರುತ್ತಿದೆ, ಯೆಹೆಜ್ಕೇಲ 47ರಲ್ಲಿಯೋ ದೇವಾಲಯದಿಂದ ಹೊರಟ ಹೊಳೆ ಸತ್ತ ನೀರನ್ನು ಸಿಹಿ ಮಾಡುತ್ತದೆ.

ಮಂತ್ರಶಕ್ತಿಯ ವಿಷಯದಲ್ಲಿ ಹಿರಿಯರು ಆಕ್ಷೇಪಿಸುವುದು ಸಹಜ, ಧರ್ಮೋಪದೇಶಕಾಂಡ 18 ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಅಪೊಸ್ತಲರ ಕೃತ್ಯಗಳು 8ರ ಮಂತ್ರವಾದಿ ಸಿಮೋನನನ್ನು ಅಳತೆಗೋಲಾಗಿ ಇಟ್ಟುಕೊಳ್ಳಿರಿ. ಅವನು ಪವಿತ್ರಾತ್ಮನ ವರವನ್ನು ಹಣ ಕೊಟ್ಟು ಕೊಳ್ಳಲು ಬಂದನು. ನಿಮ್ಮ ಕಥೆಯಲ್ಲಿ ಶಕ್ತಿಯನ್ನು ಕೊಳ್ಳುವವನು, ಕಸಿಯುವವನು ಕೊನೆಗೆ ಅದರ ಆಳಾಗಲಿ. ವರವಾಗಿ ಪಡೆದವನು ಅದನ್ನು ತನಗಾಗಿ ಬಳಸಲಾಗದಿರಲಿ.

ಭಾಷೆಯಲ್ಲಿಯೂ ಎಚ್ಚರ ಬೇಕು. ಸತ್ಯವೇದದ ಗಂಭೀರ ಕನ್ನಡ ಪ್ರಾರ್ಥನೆಯಲ್ಲಿ, ದರ್ಶನದಲ್ಲಿ ಬರಲಿ. ಮನೆಮಾತಿನಲ್ಲಿ ಕನ್ನಡ ತೆಲುಗು ತಮಿಳು ಬೆರೆಯುವ ನಮ್ಮ ಕಡೆಯ ಜನ ತಮ್ಮಂತೆಯೇ ಮಾತನಾಡಲಿ. ಸಭಾಪಾಲಕರಾದ ಅಯ್ಯನವರು ಕೂಡ ವೇದಿಕೆಯಿಂದ ಇಳಿದ ಮೇಲೆ ಹಾಲಿನ ದರದ ಬಗ್ಗೆ ಮಾತನಾಡಬಲ್ಲರು.

ಕರಡು ಮುಗಿದ ಮೇಲೆ ಒಂದು ವಾರ ಅದನ್ನು ಮುಟ್ಟಬೇಡಿರಿ. ಆಮೇಲೆ ಇಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿರಿ: ಒಬ್ಬರು ಸಭೆಗೆ ತಪ್ಪದೆ ಬರುವ ಹಿರಿಯರು, ಇನ್ನೊಬ್ಬರು ಚರ್ಚಿನ ಒಳಗೆ ಕಾಲಿಡದ ಗೆಳೆಯರು. ಹಿರಿಯರು ದೇವರ ಬಗ್ಗೆ ಎಲ್ಲಿ ತಪ್ಪು ಹೇಳಿದ್ದೀರಿ ಎಂದು ತೋರಿಸುತ್ತಾರೆ. ಗೆಳೆಯರ ಗಮನ ಎಲ್ಲಿ ಬೇರೆಡೆಗೆ ಹೋಯಿತು ಎಂಬುದನ್ನು ಅವರ ಮುಖ ನೋಡಿಯೇ ತಿಳಿದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿರಿ. ಬಹುಪಾಲು ಅದು ಪಾತ್ರದ ಬಾಯಲ್ಲಿ ನೀವೇ ಮಾತನಾಡತೊಡಗಿದ ಜಾಗವಾಗಿರುತ್ತದೆ. ಆ ಸಾಲುಗಳನ್ನು ತೆಗೆದು, ಅದರ ಬದಲು ಆ ಪಾತ್ರಕ್ಕೆ ಒಂದು ಕೆಲಸವನ್ನು ಕೊಟ್ಟು, ಅದೇ ಇಬ್ಬರಿಗೆ ಮತ್ತೊಮ್ಮೆ ಓದಿ ಹೇಳಿರಿ.