ಕಬಡ್ಡಿ ಅಂಕಣದಲ್ಲಿ ಓದು ಕಲಿಸಿದ ನನ್ನ ಅನುಭವ

ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಕೊರೊನಾ ಕಾರಣಕ್ಕೆ ಒಂದೂವರೆ ವರ್ಷ ಬಹುಪಾಲು ಮುಚ್ಚಿದ್ದ ಶಾಲೆಗಳಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಆರರಿಂದ ಎಂಟರವರೆಗಿನ ತರಗತಿಗಳು ಮತ್ತೆ ಆರಂಭವಾದಾಗ, ನಮ್ಮ ಏಳನೇ ತರಗತಿಯ ಅನೇಕ ಮಕ್ಕಳಿಗೆ ಮೂರನೇ ತರಗತಿಯ ಪಾಠವನ್ನೂ ಓದಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಕೆಲವರು ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಕಲಿತುಬಿಟ್ಟಿದ್ದರು. ಹಿಂದಿನ ದಿನ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಅದಕ್ಕೆ ಬೇರೆ ತಳಿಯ ಪರಾಗ ಮುಟ್ಟಿಸುವ ಆ ಕೆಲಸಕ್ಕೆ ಚಿಕ್ಕ ಬೆರಳುಗಳೇ ಒಳ್ಳೆಯದೆಂಬ ಮಾತು ನಮ್ಮ ಕಡೆ ಇದೆ. ಓದಲು ಬಾರದ ಮಗು ತರಗತಿಯಲ್ಲಿ ದಿನವಿಡೀ ತಲೆ ತಗ್ಗಿಸಿ ಕೂರಬೇಕು. ಹೊಲದಲ್ಲಾದರೋ ಅದಕ್ಕೆ ಕೂಲಿಯೂ ಇದೆ, ಮರ್ಯಾದೆಯೂ ಇದೆ. ಆ ಮಕ್ಕಳು ಶಾಲೆಯಲ್ಲಿ ತಲೆ ಎತ್ತಿ ನಿಲ್ಲುತ್ತಿದ್ದ ಒಂದೇ ಜಾಗ ಆಟದ ಮೈದಾನವಾಗಿತ್ತು.

ಶಾಲೆ ಬಿಟ್ಟ ಮೇಲೆ ಸಂಜೆ ಆರರವರೆಗೆ ಕಬಡ್ಡಿ ಮತ್ತು ಓದನ್ನು ಒಟ್ಟಿಗೆ ನಡೆಸಲು ಮುಖ್ಯಶಿಕ್ಷಕರ ಒಪ್ಪಿಗೆ ಪಡೆದೆ. ಆದರೆ ಮೊದಲ ಎರಡು ತಿಂಗಳು ನಾನು ಮಾಡಿದ್ದು ತಪ್ಪು. ಮೊದಲು ಅರ್ಧ ಗಂಟೆ ಓದು, ಆಮೇಲೆ ಆಟ ಎಂಬ ನಿಯಮ ಮಾಡಿದ್ದೆ. ಮಕ್ಕಳು ಸರಿಯಾಗಿ ಅರ್ಧ ಗಂಟೆ ತಡವಾಗಿ ಬರತೊಡಗಿದರು. ನಾನು ಆಟವನ್ನು ಆಮಿಷವನ್ನಾಗಿ, ಪುಸ್ತಕವನ್ನು ದಂಡವನ್ನಾಗಿ ಮಾಡಿದ್ದೆನೆಂದು ಅರ್ಥವಾದಾಗ ಆ ನಿಯಮವನ್ನು ಕೈಬಿಟ್ಟು, ಓದನ್ನು ಆಟದ ಒಳಗೇ ತಂದೆ.

ಮಕ್ಕಳಿಗೆ ಕಷ್ಟವಾಗುತ್ತಿದ್ದುದು ಮುಖ್ಯವಾಗಿ ಒತ್ತಕ್ಷರ. ಕಾಗುಣಿತವನ್ನು ಹೇಗೋ ದಾಟುತ್ತಿದ್ದವರೂ ಒತ್ತು ಬಂದಲ್ಲಿ ನಿಂತುಬಿಡುತ್ತಿದ್ದರು. ಆದರೆ ಅವರು ದಿನವೂ ಉಸಿರು ಬಿಗಿಹಿಡಿದು ಹೇಳುವ ‘ಕಬಡ್ಡಿ’ಯಲ್ಲೇ ಒಂದು ಒತ್ತಕ್ಷರವಿದೆ. ತಂಡದ ಪಟ್ಟಿ ಬರೆದರೆ ಯಲ್ಲಪ್ಪ, ಹುಲಿಗೆಮ್ಮ, ದುರುಗವ್ವ ಎಂದು ನಮ್ಮ ಸೀಮೆಯ ಹೆಸರುಗಳ ತುಂಬ ಒತ್ತುಗಳೇ. ಹಾಗಾಗಿ ಸಜಾತೀಯ ಒತ್ತಕ್ಷರಗಳನ್ನು ತಂಡದ ಪಟ್ಟಿಯಿಂದಲೇ ಕಲಿಸಿದೆ. ವಿಜಾತೀಯ ಒತ್ತುಗಳಿಗೆ ‘ಪಂದ್ಯ’, ‘ರಕ್ಷಕ’, ‘ಮಧ್ಯರೇಖೆ’ ಸಾಕಾದವು, ಅರ್ಕಾವತ್ತಿಗೆ ‘ಸ್ಪರ್ಧೆ’ ಇತ್ತು. 11 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣವನ್ನು ಟೇಪು ಹಿಡಿದು ಅಳೆದು, ಸುಣ್ಣದಿಂದ ಗೆರೆ ಎಳೆಯುವ ಕೆಲಸವನ್ನೂ ಅವರಿಗೇ ಬಿಟ್ಟೆ.

ನಿಜವಾಗಿ ಓದನ್ನು ಬೆಳೆಸಿದ್ದು ಜಗಳ. ಕಬಡ್ಡಿಯಲ್ಲಿ ವಾದ ಬಾರದ ದಿನವಿಲ್ಲ. ಆಟದ ನಿಯಮಗಳನ್ನು ರಟ್ಟಿನ ಚೀಟಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತಗಡಿನ ಡಬ್ಬಿಯೊಂದರಲ್ಲಿ ಇಟ್ಟೆ. ವಾದ ಬಂದರೆ ನಾನು ತೀರ್ಪು ಕೊಡುವುದಿಲ್ಲ, ವಾದಿಸಿದವರೇ ಸರಿಯಾದ ಚೀಟಿಯನ್ನು ಹುಡುಕಿ ಎಲ್ಲರ ಎದುರು ಗಟ್ಟಿಯಾಗಿ ಓದಬೇಕು ಎಂದು ಹೇಳಿದೆ. ಒಂದು ಸಂಜೆ ನಮ್ಮ ಅತ್ಯುತ್ತಮ ರೈಡರ್ ಬೋನಸ್ ಗೆರೆ ದಾಟಿ ಬಂದು ಅಂಕ ಕೇಳಿದ. ಎದುರು ತಂಡ ಒಪ್ಪಲಿಲ್ಲ. ವರ್ಷದ ಆರಂಭದಲ್ಲಿ ಒಂದು ಸಾಲನ್ನೂ ಪೂರ್ತಿ ಓದದ ಹುಡುಗ ಅವನು. ಮಣ್ಣು ಮೆತ್ತಿದ ಬೆರಳನ್ನು ಅಕ್ಷರದ ಕೆಳಗೆ ಸರಿಸುತ್ತ, ‘ಕನಿಷ್ಠ’ದ ‘ಷ್ಠ’ದ ಬಳಿ ಎರಡು ಸಲ ತಡವರಿಸಿ, ಕನಿಷ್ಠ ಆರು ಮಂದಿ ರಕ್ಷಕರು ಅಂಕಣದಲ್ಲಿದ್ದರೆ ಮಾತ್ರ ಬೋನಸ್ ಅಂಕ ಎಂಬ ವಾಕ್ಯವನ್ನು ಕೊನೆಯವರೆಗೆ ಓದಿದ. ತಲೆ ಎತ್ತಿ ಎದುರಿನವರನ್ನು ಎಣಿಸಿದ. “ಐದ ಮಂದಿ ಅದಾರ್ರಿ ಸರ್, ಬೋನಸ್ ಬರೂದಿಲ್ರಿ” ಎಂದು ಹೇಳಿ ಚೀಟಿಯನ್ನು ಡಬ್ಬಿಗೆ ಹಾಕಿದ. ತನ್ನ ವಿರುದ್ಧದ ತೀರ್ಪನ್ನು ತಾನೇ ಓದಿದ ಆ ಗಳಿಗೆಯಲ್ಲಿ ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಪ್ರತಿ ಪಂದ್ಯದ ನಾಲ್ಕು ಸಾಲಿನ ವರದಿ ಬರೆದು ಗೋಡೆಗೆ ಅಂಟಿಸುವ ರೂಢಿ ಬೆಳೆಯಿತು. ತಮ್ಮ ಹೆಸರು ಇದೆಯೇ ಎಂದು ನೋಡಲು ಮರುದಿನ ಬೆಳಿಗ್ಗೆ ಎಲ್ಲರೂ ಗೋಡೆಯ ಮುಂದೆ ನಿಲ್ಲುತ್ತಿದ್ದರು. ಶನಿವಾರ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದೊಯ್ಯುತ್ತಿದ್ದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದಾಗಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮೊದಲು ಪತ್ರಿಕೆಯಲ್ಲಿ ಬೆಂಗಳೂರು ಬುಲ್ಸ್ ತಂಡದ ಸುದ್ದಿ ಹುಡುಕುತ್ತಿದ್ದವರು ನಿಧಾನವಾಗಿ ಕಥೆ ಪುಸ್ತಕಗಳ ಕಪಾಟಿನ ಕಡೆ ಹೋದರು.

ಇಂಥದ್ದನ್ನು ಆರಂಭಿಸುವವರಿಗೆ ಎರಡು ಮಾತು ಹೇಳಬೇಕು. ಮಧ್ಯಾಹ್ನ ಉಂಡ ಮಕ್ಕಳು ಸಂಜೆಗೆ ಹಸಿದಿರುತ್ತಾರೆ. ನೆನೆಸಿದ ಕಡಲೆ ಅಥವಾ ಶೇಂಗಾ ಬೆಲ್ಲ ಕೊಡದೆ ಆಟವನ್ನೂ ಓದನ್ನೂ ನಿರೀಕ್ಷಿಸಬಾರದು. ಇನ್ನು, ಹೆಣ್ಣುಮಕ್ಕಳ ಸರದಿ ಮೊದಲು ಮುಗಿಯಬೇಕು. ಕತ್ತಲಾಗುವ ಮುನ್ನ ಮನೆ ಸೇರದಿದ್ದರೆ ಮರುದಿನ ಅವರನ್ನು ಕಳುಹಿಸುವುದಿಲ್ಲ, ನೀರು ತುಂಬುವ ಕೆಲಸವೂ ಅವರಿಗಾಗಿಯೇ ಕಾದಿರುತ್ತದೆ.

ಮಕ್ಕಳನ್ನು ಹೊಲದಿಂದ ಮರಳಿ ಕರೆತಂದದ್ದು ನನ್ನ ಬುದ್ಧಿವಾದಕ್ಕಿಂತ ಹೆಚ್ಚಾಗಿ ತಂಡ. ಏಳು ಮಂದಿಯ ತಂಡವನ್ನು ವರ್ಷಪೂರ್ತಿ ಬದಲಿಸದೆ ಇಟ್ಟಿದ್ದರಿಂದ, ಒಬ್ಬ ಬಾರದಿದ್ದರೆ ಉಳಿದ ಆರು ಮಂದಿ ಅವನ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ಗುಳೆಯ ಎದುರು ಮಾತ್ರ ಇದು ನಡೆಯಲಿಲ್ಲ. ಮೊದಲ ವರ್ಷ ಸಂಕ್ರಾಂತಿಯ ನಂತರ ಮೂವರು ಮಕ್ಕಳು ತಂದೆತಾಯಿಯೊಂದಿಗೆ ಗೋವಾಕ್ಕೆ ಹೋದರು, ಅವರಲ್ಲಿ ಒಬ್ಬ ಮರಳಲೇ ಇಲ್ಲ. ಈಗ ಗುಳೆ ಹೋಗುವ ಮಗುವಿಗೆ ಚೀಟಿಗಳ ಒಂದು ಪ್ರತಿಯನ್ನು ತಂಡದವರೇ ಕೈಯಲ್ಲಿ ಬರೆದು ಕೊಡುತ್ತಾರೆ. ಪಟ್ಟಿಯಲ್ಲಿ ಆ ಹೆಸರನ್ನು ಹೊಡೆದು ಹಾಕುವುದಿಲ್ಲ. ಯುಗಾದಿಯವರೆಗೆ ಆರೇ ಮಂದಿ ಆಡುತ್ತಾರೆ.